ಕಲ್ಯಾಣದುರ್ಗಕ್ಕೆ ಒಂದು ಹಗುರ ಟಾರ್ಚು

ಯಾವುದೇ ವಸ್ತುವನ್ನು ಒಂದೇ ಸಲಕ್ಕೆ ಆರಿಸಿ ಮನೆಗೆ ತರುವ ಜನರನ್ನು ಕಂಡರೆ ನನಗೆ ಭಕ್ತಿ ಹುಟ್ಟುತ್ತದೆ. ನನ್ನದು ಬೇರೆಯೇ ಜಾತಿ. ಹಸಿರು ಸೀರೆ ಕೊಳ್ಳಲು ಹೋಗಿ, ಹಸಿರಿನಲ್ಲಿ ಇಷ್ಟೊಂದು ಹಸಿರುಗಳಿವೆಯೆಂದು ತಿಳಿದು ಗಾಬರಿಯಾಗಿ ಕುಕ್ಕರ್ ಕೊಂಡು ಬಂದವಳು ನಾನು. ಇಂಥವಳ ಪಾಲಿಗೆ ಟಾರ್ಚು ಆರಿಸುವ ಕೆಲಸ ಬಂದದ್ದು ನಾದಿನಿ ನಾಗವೇಣಿಯಿಂದ.

ನಾಗವೇಣಿ ನಮ್ಮವರ ತಂಗಿ. ಕಲ್ಯಾಣದುರ್ಗದ ಅಂಗನವಾಡಿಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿ ಈಚೆಗೆ ನಿವೃತ್ತಳಾದವಳು. ಹಿಂದೂಪುರದ ನಮ್ಮ ಮನೆಗೆ ಅವಳನ್ನು ಮಗ ಕಾರಿನಲ್ಲಿ ಬಿಟ್ಟುಹೋಗಿದ್ದ. ಹೊರಡುವ ದಿನ ಹತ್ತಿರವಾದಾಗ ಕಾಫಿ ಕುಡಿಯುತ್ತಾ, "ಅತ್ಗೆ, ಈ ಸಲ ಬಸ್ಸು ಬ್ಯಾಡ. ನಡ್ಕೊಂಡೇ ಹೋಗಾನ. ನೀನೂ ಬಾ, ಮೈಗೆ ಒಳ್ಳೇದು ಕಣಮ್ಮ" ಎಂದಳು. ಮೂರ್ನಾಲ್ಕು ದಿನದ ದಾರಿ. ನಸುಕಿನಲ್ಲೇ ಎದ್ದು ಟಾರ್ಚಿನ ಬೆಳಕಿನಲ್ಲಿ ನಡೆಯುವುದು, ಬಿಸಿಲೇರಿದರೆ ದಾರಿಯಲ್ಲಿನ ನೆಂಟರ ಮನೆಗಳಲ್ಲಿ ತಂಗುವುದು. ನನಗೂ ಡಾಕ್ಟರು ನಡೆಯಲು ಹೇಳಿದ್ದರು. ಅವರು ಹೇಳಿದ್ದು ಪಾರ್ಕಿನಲ್ಲಿ ಎಂಬುದು ಒಪ್ಪಿಕೊಂಡ ಮೇಲೆ ನೆನಪಾಯಿತು.

ದೂರ ನಡೆಯುವವರ ವಿಡಿಯೋಗಳನ್ನು ಫೋನಿನಲ್ಲಿ ನೋಡಿದೆ. ಹೊರೆ ಕಡಿಮೆಯಾಗಲೆಂದು ಅವರು ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೂ ಅರ್ಧಕ್ಕೆ ಕತ್ತರಿಸುತ್ತಾರೆ. ಟಾರ್ಚು ಹಗುರವಿರಬೇಕು ಎಂಬುದು ಮೊದಲ ಪಾಠ. ಅಂಗಡಿಗೆ ಹೋದರೆ, ಹಗುರವಾದದ್ದಕ್ಕೆ ಬೆಳಕಿಲ್ಲ, ಬೆಳಕಿದ್ದದ್ದು ಬೇಗ ಆರುತ್ತದೆ, ಆರದೆ ಇರುವುದನ್ನು ಎತ್ತಲು ಇಬ್ಬರು ಬೇಕು. ಡಬ್ಬಿಯ ಮೇಲೆ ಬರೆದಿದ್ದ ಲ್ಯೂಮೆನ್ ಎಂದರೇನೆಂದು ಅಂಗಡಿಯವನನ್ನು ಕೇಳಿದೆ. "ಅದಿ ಎಕ್ಕುವ ಉಂಟೆ ಮಂಚಿದಮ್ಮಾ" ಎಂದ. ಜಾಸ್ತಿ ಇದ್ದಷ್ಟೂ ಒಳ್ಳೆಯದಂತೆ. ಏನು ಜಾಸ್ತಿ ಎಂಬುದು ಅವನಿಗೂ ಗೊತ್ತಿರಲಿಲ್ಲ. ಕೊನೆಗೆ ಹಣೆಗೆ ಕಟ್ಟಿಕೊಳ್ಳುವ ಒಂದು ಟಾರ್ಚು ತಂದೆ. ನಮ್ಮವರ ಹುಣಿಸೆಹಣ್ಣಿನ ಮಂಡಿಗೆ ಹೋಗಿ, ಮೂಟೆ ತೂಗುವ ತಕ್ಕಡಿಯ ಮೇಲೆ ಅದನ್ನಿಟ್ಟೆ. ತಕ್ಕಡಿ ಸೊನ್ನೆ ತೋರಿಸಿತು. "ಇದಕ್ಕಿಂತ ಹಗುರ ಬೇಕಾ ನಿಂಗೆ?" ಎಂದರು ನಮ್ಮವರು.

ನನಗೆ ಬೇಕಿತ್ತು. ಕಬ್ಬಿಣದ ಕ್ಲಿಪ್ಪು ಕಿತ್ತೆ. ದಪ್ಪ ಪಟ್ಟಿಯನ್ನು ತೆಗೆದು ಲಂಗದ ಲಾಡಿ ಪೋಣಿಸಿದೆ. ಕಟ್ಟಿಕೊಂಡು ಕನ್ನಡಿ ನೋಡಿದರೆ ತಲೆನೋವಿಗೆ ಬಟ್ಟೆ ಬಿಗಿದವಳಂತೆ ಕಂಡೆ. ಮರುದಿನ ನಸುಕಿನಲ್ಲಿ ಅಭ್ಯಾಸಕ್ಕೆಂದು ಲೇಪಾಕ್ಷಿ ರಸ್ತೆ ಹಿಡಿದೆವು. ನಾಗವೇಣಿ ನನ್ನ ಸೆರಗು ಹಿಡಿದು ಪಕ್ಕದಲ್ಲೇ ನಡೆಯುತ್ತಾ, "ಕಣ್ಣಿಗೆ ಹೊಡೀತದೆ ಅತ್ಗೆ. ಬೆಳಕಿನ ಸುತ್ತ ಬಳೆ ಬಳೆ ಇದ್ದಂಗೆ ಕಾಣ್ತದೆ" ಎಂದಳು. ಮನೆಗೆ ಬಂದು ಗಾಜಿಗೆ ಹಾಲಿನ ಪ್ಯಾಕೆಟ್ಟಿನ ತುಂಡು ಅಂಟಿಸಿದೆ. ಮರುದಿನ, "ಏನೂ ಕಾಣಾಕಿಲ್ಲ ಕಣಮ್ಮ" ಎಂದಳು. ಪ್ಯಾಕೆಟ್ಟು ಕಿತ್ತು ಒಳಗೆ ಬಿಸ್ಕತ್ತಿನ ಹೊಳೆಯುವ ಕಾಗದ ಸೇರಿಸಿದೆ. ಮತ್ತೆ ಬಳೆಗಳು ಬಂದವು. ನನಗೆ ಮಾತ್ರ ಎಲ್ಲ ಸಲವೂ ರಸ್ತೆ ಚೆನ್ನಾಗಿಯೇ ಕಾಣುತ್ತಿತ್ತು. ಅದನ್ನು ನನ್ನ ಅನುಭವದ ಕೊರತೆ ಎಂದುಕೊಂಡೆ.

ಇನ್ನೊಂದು ಬೆಳಗ್ಗೆ ಅದೇ ರಸ್ತೆಯಲ್ಲಿ ಹೊತ್ತು ಹುಟ್ಟಿತು. ನಾನು ಟಾರ್ಚು ಆರಿಸಿದೆ. ನಾಗವೇಣಿ, "ಇನ್ನೊಂದೀಟು ಹಿಡಿ ಅತ್ಗೆ, ಮುಂದೆ ಯಾರೋ ಕೂತವ್ರೆ" ಎಂದು ಸೆರಗು ಬಿಟ್ಟು ಮುಂದೆ ಹೋದಳು. "ಯಜಮಾನ್ರೆ, ಈಟು ಪಕ್ಕಕ್ಕೆ ಸರ್ಕಳಿ" ಎಂದಳು. ಅಲ್ಲಿ ಇದ್ದದ್ದು ಮೈಲಿಗಲ್ಲು. ನಾನು ನಗುತ್ತಿರುವಾಗಲೇ ಅವಳು ಆ ಯಜಮಾನರನ್ನು ಬಳಸಿಕೊಂಡು ರಸ್ತೆಯ ನಡುವಿಗೆ ಇಳಿದಳು. ಎದುರಿಗೆ ಲಾರಿ ಬರುತ್ತಿತ್ತು. ತೋಳು ಹಿಡಿದು ಎಳೆದೆ. ಇಬ್ಬರೂ ರಸ್ತೆಬದಿಯ ಬೇಲಿಯ ಮೇಲೆ ಬಿದ್ದೆವು. ಲಾರಿಯವನು ತೆಲುಗಿನಲ್ಲಿ ನಮ್ಮ ವಯಸ್ಸನ್ನು ವಿಚಾರಿಸಿ ಹೋದ.

ಮೋರಿಯ ಕಟ್ಟೆಯ ಮೇಲೆ ಕೂತು ಒಬ್ಬರ ಸೀರೆಯ ಮುಳ್ಳನ್ನು ಒಬ್ಬರು ತೆಗೆಯುತ್ತಿದ್ದೆವು. ಅವಳ ಕೈ ಮುಳ್ಳನ್ನು ಬಿಟ್ಟು ಬೇರೆಲ್ಲಾ ಕಡೆ ತಡಕುತ್ತಿತ್ತು.

"ಎಷ್ಟು ದಿನದಿಂದ ಹಿಂಗೆ?" ಎಂದೆ.

"ಬಾಳ ದಿನ ಆಯ್ತು. ಹೋದ ಸಲ ಕಲ್ಯಾಣದುರ್ಗದ ಬಸ್ಸು ಅಂತ ಹತ್ತಿ ಕದಿರಿಗೆ ಹೋಗ್ಬುಟ್ಟಿದ್ದೆ. ಬೋರ್ಡು ಕಾಣ್ಲಿಲ್ಲ."

"ಯಾರನ್ನಾದ್ರೂ ಕೇಳ್ಬೋದಿತ್ತಲ್ಲ."

"ಊರ ಮಕ್ಕಳಿಗೆಲ್ಲ ಅಕ್ಷರ ಕಲ್ಸಿದೋಳು ನಾನು. ಬೋರ್ಡು ಓದಿ ಹೇಳಿ ಅಂತ ಕೇಳ್ಲಾ?" ಅವಳು ಸೆರಗು ಕೊಡವಿಕೊಂಡಳು. "ಮಗನಿಗೆ ಗೊತ್ತಾದ್ರೆ ಒಬ್ಬಳನ್ನೇ ಎಲ್ಲಿಗೂ ಬಿಡಲ್ಲ. ರಸ್ತೇಲಾದ್ರೆ ಬೋರ್ಡಿನ ರಗಳೆ ಇಲ್ಲ, ನಿನ್ನ ಸೆರಗು ಹಿಡಿದ್ರೆ ಮನೆ ಬತ್ತದೆ ಅಂತ ನಡ್ಕೊಂಡು ಹೋಗಾನ ಅಂದೆ."

ಬಸ್ಸಿನ ಬೋರ್ಡು ಓದುವುದನ್ನು ತಪ್ಪಿಸಿಕೊಳ್ಳಲು ಕಲ್ಯಾಣದುರ್ಗದವರೆಗೆ ನಡೆಯಲು ಹೊರಟವಳ ಮೇಲೆ ಸಿಟ್ಟಾಗಬೇಕೋ, ಅವಳನ್ನು ತಬ್ಬಿಕೊಳ್ಳಬೇಕೋ ತಿಳಿಯಲಿಲ್ಲ. ಮುಳ್ಳು ತೆಗೆಯುವುದನ್ನು ಮುಂದುವರಿಸಿದೆ.

ಹಿಂದೂಪುರದ ಕಣ್ಣಿನ ಡಾಕ್ಟರು ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದರು. ಒಂದಾದ ಮೇಲೊಂದು ಆಪರೇಷನ್ ಆಯಿತು. ಮಗನಿಗೆ ಅವಳೇ ಫೋನ್ ಮಾಡಿ ಹೇಳಿದಳು. ಅವನು ಕೂಗಾಡಿದ, ಆಮೇಲೆ ಅತ್ತ. ಊರಿಗೆ ಹೊರಟ ದಿನ ನಾಗವೇಣಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ಬಂದುಹೋಗುವ ಬಸ್ಸುಗಳ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದಿದಳು. ಯಾರೋ ಇಬ್ಬರು ಅವಳನ್ನು ಬಸ್ ಸ್ಟ್ಯಾಂಡಿನ ನೌಕರಳೆಂದು ತಿಳಿದು ಮಡಕಶಿರದ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿದರು. ಅವಳು ಅದಕ್ಕೂ ಉತ್ತರ ಕೊಟ್ಟಳು.

ಅದಕ್ಕೆ ಮೊದಲು, ಅವಳ ಕೊನೆಯ ತಪಾಸಣೆಯ ದಿನ, ಹೇಗೂ ಬಂದಿದ್ದೀರಲ್ಲ ಎಂದು ಡಾಕ್ಟರು ನನ್ನನ್ನೂ ಕುರ್ಚಿಯಲ್ಲಿ ಕೂರಿಸಿದ್ದರು. ಗೋಡೆಯ ಮೇಲಿನ ಅಕ್ಷರಗಳನ್ನು ಕಟ್ಟಕಡೆಯ ಸಾಲಿನ ತನಕ ಓದಿದೆ. "ನಿಮ್ಮ ಕಣ್ಣಿಗೆ ಏನೂ ಆಗಿಲ್ಲಮ್ಮ, ಎಲ್ಲ ಚೆನ್ನಾಗಿ ಕಾಣುತ್ತಿದೆ" ಎಂದರು. ಪಕ್ಕದಲ್ಲಿ ನಾಗವೇಣಿ ಕೂತಿದ್ದಳು, ಅಷ್ಟು ದಿನ ನನ್ನ ಸೆರಗು ಹಿಡಿದು ನಡೆದರೂ ನನ್ನ ಕಣ್ಣಿಗೆ ಬೀಳದವಳು. ಇನ್ನೊಂದು ಸಲ ಪರೀಕ್ಷೆ ಮಾಡಿ ನೋಡಿ ಎಂದು ಕೇಳಿಕೊಂಡೆ.