ದೊಡ್ಡಕೆರೆ ಪಕ್ಷಿಧಾಮದ ಹನ್ನೊಂದು ಹಕ್ಕಿಗಳು

೧೯೩೬ನೆಯ ಇಸವಿಯಲ್ಲಿ ತಾಯಲೂರಿನ ಬಳಿಯ ದೊಡ್ಡಕೆರೆಯನ್ನು ಪಕ್ಷಿಧಾಮವೆಂದು ಸಾರಲಾಯಿತು. ಹಕ್ಕಿಗಳು ಇದ್ದದ್ದು ಕೆಳಗಿನ ಚಿಕ್ಕಕೆರೆಯಲ್ಲಿ. ಆದರೆ ಸಾಹೇಬರು ಇಳಿದುಕೊಳ್ಳುವ ಬಂಗಲೆ ದೊಡ್ಡಕೆರೆಯ ಏರಿಯ ಮೇಲಿತ್ತು. ಬಂಗಲೆಯನ್ನು ಕಿತ್ತೊಯ್ಯಲಾಗದು, ಹಕ್ಕಿಗಳಿಗಾದರೆ ರೆಕ್ಕೆಯಿದೆ, ಅವೇ ಬರಲಿ ಎಂದು ಪಕ್ಷಿಪಾಲನಾ ಕಚೇರಿ ತೀರ್ಮಾನಿಸಿತು.

ಹಕ್ಕಿಗಳು ಬರಲಿಲ್ಲ. ದೊಡ್ಡಕೆರೆಯ ತೂಬು ಸೋರಿ ನೀರೆಲ್ಲ ಚಿಕ್ಕಕೆರೆಗೆ ಇಳಿದುಹೋಗಿತ್ತು. ತೂಬಿನ ರಿಪೇರಿ ಬೇರೆ ಕಚೇರಿಯ ಕೆಲಸ. ಚಿಕ್ಕಕೆರೆಯಲ್ಲಿ ಲೈಸೆನ್ಸ್ ಇದ್ದವರು ಬಂದೂಕು ಹಾರಿಸಬಹುದಿತ್ತು. ದೊಡ್ಡಕೆರೆಯಲ್ಲಿ ಹಕ್ಕಿಗೆ ಕಲ್ಲೆಸೆದರೂ ಜೈಲು. ಇಲ್ಲದ ಹಕ್ಕಿಗಳನ್ನು ಇಷ್ಟು ಚೆನ್ನಾಗಿ ಕಾಪಾಡಿದ ಧಾಮ ಇನ್ನೊಂದಿರಲಾರದು.

ಕಾವಲುಗಾರ ಕದಿರಪ್ಪ ಆರು ವರ್ಷದಿಂದ ಹಂಗಾಮಿ. ಧಾಮದಲ್ಲಿ ಹಕ್ಕಿ ಕಂಡ ವರ್ಷ ಅವನನ್ನು ಕಾಯಂ ಮಾಡುವುದೆಂದು ಆದೇಶವಿತ್ತು. ಅವನಿಗೋ ನಿಜ ಹೇಳುವ ಕೆಟ್ಟ ಚಟ.

ಆರನೆಯ ವರ್ಷದ ನವರಾತ್ರಿ ಕಳೆದ ಮೇಲೆ ಬೆಂಗಳೂರಿನಿಂದ ಪರೀಕ್ಷಕರು ಬಂದರು. ಒಂದು ಗಂಟೆ ದುರ್ಬೀನು ಹಿಡಿದು ನಾಲ್ಕು ಎಮ್ಮೆಗಳನ್ನು ಕಂಡರು.

"ಹಕ್ಕಿ ಎಲ್ಲಯ್ಯಾ?"

"ಚಿಕ್ಕಕೆರೇಲವೆ ಸೋಮಿ. ಇಲ್ಲಿ ನೀರೇ ಇಲ್ವಲ್ಲ, ಬಂದು ಏನ್ ಮಾಡ್ತವೆ?" ಎಂದ ಕದಿರಪ್ಪ.

ಧಾಮದ ಮ್ಯಾನೇಜರ್ ಚನ್ನರಾಯಪ್ಪನವರು ಹಲ್ಲು ಕಡಿದರು. "ಲೇ, ಕೇಳಿದ್ದಕ್ಕೆಲ್ಲ ನಿಜ ಹೇಳು ಅಂತ ಯಾರ್ಲಾ ಹೇಳಿದ್ದು ನಿಂಗೆ?"

"ಹಕ್ಕಿಯಿಲ್ಲದ ಮೇಲೆ ಕಾವಲುಗಾರ ಯಾಕೆ? ನಾಳೆಯಿಂದ ಬರಬೇಡ" ಎಂದು ಪರೀಕ್ಷಕರು ಊಟಕ್ಕೆ ನಡೆದರು. ಕದಿರಪ್ಪ ಬಾಗಿಲಲ್ಲೇ ಕೈಮುಗಿದು ನಿಂತ.

ಬಂಗಲೆಯ ಅಡುಗೆಯ ಅಬ್ದುಲ್ ಗಫೂರ್ ದೊಡ್ಡ ತಟ್ಟೆ ತಂದಿಟ್ಟ. "ಬಾತುಕೋಳಿ, ಹುಜೂರ್. ಮ್ಯಾನೇಜರ್ ಸಾಹೇಬರ ಭಾವಮೈದ ಬೆಳಗ್ಗೆ ಚಿಕ್ಕಕೆರೇಲಿ ಹೊಡ್ಕೊಂಡು ಬಂದ್ರು. ಹನ್ನೊಂದು."

ಚನ್ನರಾಯಪ್ಪನವರು ಕೂಡಲೇ ಒಂಬತ್ತನೆಯ ನಿಯಮವನ್ನು ಓದಿದರು: "ಧಾಮದ ಎಲ್ಲೆಯೊಳಗೆ ಪರೀಕ್ಷಕರ ಕಣ್ಣಿಗೆ ಬಿದ್ದ ಪ್ರತಿಯೊಂದು ಹಕ್ಕಿಯನ್ನೂ ನಮೂದಿಸತಕ್ಕದ್ದು." ಬಂಗಲೆ ಎಲ್ಲೆಯೊಳಗೇ ಇತ್ತು. ಹಕ್ಕಿಗೆ ಜೀವವಿರಬೇಕೆಂದು ನಿಯಮದಲ್ಲಿ ಎಲ್ಲೂ ಇರಲಿಲ್ಲ.

ಪರೀಕ್ಷಕರು ತಿನ್ನುವ ಮೊದಲೇ ಎಣಿಸಿದರು. ಅಷ್ಟರಮಟ್ಟಿಗೆ ನಿಷ್ಠುರ ಅಧಿಕಾರಿ. ಸಂಜೆಯೊಳಗೆ ಕದಿರಪ್ಪ ಕಾಯಂ ಆದ. ಅವನಿಗೆ ಅಳು ಬಂತು. ಸಂತೋಷಕ್ಕೆಂದು ಎಲ್ಲರೂ ತಿಳಿದರು.

ಮರುವರ್ಷ ಮಳೆ ಜೋರಾಗಿ ದೊಡ್ಡಕೆರೆಯೂ ತುಂಬಿತು. ಒಂದು ಬೆಳಗ್ಗೆ ಕದಿರಪ್ಪ ಏದುಸಿರು ಬಿಡುತ್ತ ಓಡಿಬಂದ. "ಸೋಮೀ, ಬಂದವೆ! ಇನ್ನೂರಕ್ಕೆ ಕಮ್ಮಿ ಇಲ್ಲ! ನಮ್ ಕೆರೇಲೇ ಇಳಿದವೆ!"

ಚನ್ನರಾಯಪ್ಪನವರು ತಲೆಯ ಮೇಲೆ ಕೈ ಹೊತ್ತರು. "ಇಲ್ಲಿ ಹೊಡೆಯೋ ಹಂಗಿಲ್ಲ. ಹೊಡೀದೆ ತಟ್ಟೆಗೆ ಹೆಂಗ್ಲಾ ಬರ್ತವೆ? ತಟ್ಟೆಗೆ ಬರದೆ ಎಣಿಸೋದು ಹೆಂಗೆ?"

ಅಂದೇ ಪ್ರಕಟಣೆ ಹೊರಟಿತು: "ಧಾಮದಲ್ಲಿ ಅನಧಿಕೃತವಾಗಿ ಈಜುತ್ತಿರುವ ಹಕ್ಕಿಗಳನ್ನು ಗಣತಿಯ ಅನುಕೂಲಕ್ಕಾಗಿ ಚಿಕ್ಕಕೆರೆಗೆ ಕಳುಹಿಸತಕ್ಕದ್ದು."

ಕದಿರಪ್ಪ ಕಾಯಂ ನೌಕರ. ತಮಟೆ ಕಟ್ಟಿಕೊಂಡು ಏರಿಯ ಉದ್ದಕ್ಕೂ ಬಡಿಯುತ್ತ ನಡೆದ. ಹಕ್ಕಿಗಳೆಲ್ಲ ಎದ್ದು ಚಿಕ್ಕಕೆರೆಯ ಕಡೆಗೆ ಹಾರಿದವು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಬಂದೂಕಿನ ಸದ್ದು ಶುರುವಾಯಿತು. ಕದಿರಪ್ಪ ತಮಟೆ ಕೆಳಗಿಟ್ಟು, ಪೆನ್ಸಿಲ್ ತೆಗೆದು, ಒಂದೊಂದು ಸದ್ದಿಗೂ ಒಂದೊಂದು ಹಕ್ಕಿ ಬರೆದುಕೊಂಡ.