ಮೊಮ್ಮಗಳು ಸಾಧಾರಣ ಎಂದು ಹೇಳಿದ ಮಾತನ್ನು ಹಿಂದಕ್ಕೆ ಪಡೆಯುವ ಕುರಿತು

ಇಂದ,
ಎಡ್ವರ್ಡ್ ಕುಟಿನ್ಹಾ,
ಮೂಲತಃ ಮೂಡುಬೆಳ್ಳೆ, ಉಡುಪಿ ಜಿಲ್ಲೆ,
ಸದ್ಯ ಮಗ ರಿಯಾನ್‌ನ ಫ್ಲ್ಯಾಟು, ದಾರ್ಸೈಟ್, ಮಸ್ಕತ್.

ಗೆ,
ಮುಖ್ಯಸ್ಥರು, ಕ್ರೀಡಾ ವಿಭಾಗ,
ಹುಡುಗಿಯರ ಫುಟ್‌ಬಾಲ್ ತಂಡದ ಆಯ್ಕೆ ಸಮಿತಿ,
ತಮ್ಮ ಕಾಲೇಜು, ಬೆಂಗಳೂರು.

ವಿಷಯ: ಹನ್ನೆರಡನೇ ತರಗತಿಯ ಗೋಲ್‌ಕೀಪರ್ ಕುಮಾರಿ ಡೀನಾ ಕುಟಿನ್ಹಾ ಇವಳ ಮೌಲ್ಯಮಾಪನ ಪತ್ರದ "ಕುಟುಂಬದ ಅಭಿಪ್ರಾಯ" ಎಂಬ ಕಾಲಂನಿಂದ ಅವಳ ಅಜ್ಜನ ಮಾತನ್ನು ಹೊಡೆದುಹಾಕುವಂತೆ ಸದರಿ ಅಜ್ಜನೇ ಸಲ್ಲಿಸುವ ಅರ್ಜಿ.

ಉಲ್ಲೇಖ: 1. ತಮ್ಮ ಸಹಾಯಕ ಕೋಚ್ ಶ್ರೀ ಶೆಲ್ಡನ್ ಅವರು ಜನವರಿಯಲ್ಲಿ ನಮ್ಮ ಮನೆಗೆ ಬಂದು ಚಹಾ ಕುಡಿದದ್ದು.
2. ತಮ್ಮ ಕಚೇರಿಯ ಈಮೇಲ್ ಮತ್ತು ಅದನ್ನು ಸೊಸೆ ರೆನಿಟಾ ಗಟ್ಟಿಯಾಗಿ ಓದಿದ್ದು.
3. ಬಶೀರನ ಸಲಹೆ (ಬಾಯಿಮಾತಿನದು).

ಮಾನ್ಯರೇ,

ಮೇಲ್ಕಂಡ ವಿಷಯದಲ್ಲಿ ತಪ್ಪು ಯಾರದೆಂದು ತಾವು ಹುಡುಕುವ ಶ್ರಮ ಬೇಡವೆಂದು ಮೊದಲಿಗೇ ತಿಳಿಸುತ್ತೇನೆ. ತಪ್ಪು ಅರ್ಜಿದಾರನದೇ. ಅದು ಹೇಗಾಯಿತು ಎಂಬುದನ್ನು ಮಾತ್ರ ಕೆಳಗೆ ಬರೆದಿದ್ದೇನೆ.

1. ನಾನು ಓದಿದ್ದು ಇಗರ್ಜಿಯ ಶಾಲೆಯಲ್ಲಿ ಮೂರನೇ ತರಗತಿಯವರೆಗೆ. ಆಮೇಲೆ ಈ ದೇಶಕ್ಕೆ ಬಂದು ಇಬ್ರಾದಲ್ಲಿ ಒಂದು ಕಂಪನಿಯ ಕ್ಯಾಂಪಿನ ಮೆಸ್ಸಿನಲ್ಲಿ ಅಡುಗೆ ಮಾಡಿಕೊಂಡಿದ್ದು, ಈಗ ಮಗನ ಮನೆಯಲ್ಲಿ ಇದ್ದೇನೆ. ನಾವು ಪ್ರಾರ್ಥನೆ ಮಾಡುವುದು ಕೊಂಕಣಿಯಲ್ಲಿ, ಅರ್ಜಿ ಬರೆಯುವುದು ಕನ್ನಡದಲ್ಲಿ. ಮಗ ಇಂಗ್ಲಿಷಿನಲ್ಲಿ ಬರೆದುಕೊಡುತ್ತೇನೆಂದ. ಆದರೆ ಅವನು ಏನು ಬರೆದನೆಂದು ನನಗೆ ತಿಳಿಯದ ಕಾರಣ ಬೇಡವೆಂದೆ. ಅರ್ಜಿಯ ಈ ಮಾದರಿಯನ್ನು ಕ್ಯಾಂಪಿನ ಗುಮಾಸ್ತರೊಬ್ಬರು ನನ್ನ ತಾಯಿ ತೀರಿಕೊಂಡಾಗ ರಜೆ ಕೇಳಲು ಹೇಳಿಕೊಟ್ಟಿದ್ದರು. ಅದರಲ್ಲಿ ವಿಷಯವನ್ನು ಮಾತ್ರ ಬದಲಿಸಿದ್ದೇನೆ. ಆದ್ದರಿಂದ ನಡುವೆ ಎಲ್ಲಿಯಾದರೂ ಅಗತ್ಯಕ್ಕಿಂತ ಹೆಚ್ಚು ದುಃಖ ಕಂಡುಬಂದಲ್ಲಿ ಅದು ಮಾದರಿಯ ದೋಷ.

2. ಶೆಲ್ಡನ್ ಸರ್ ಅವರು ಅಲ್ ಅಮೇರಾತ್‌ನ ಬಾಡಿಗೆ ಮೈದಾನದಲ್ಲಿ ಶುಕ್ರವಾರ ಟ್ರಯಲ್ ಇಟ್ಟಿದ್ದರು. ಇಗರ್ಜಿಯ ಪೂಜೆ ಮುಗಿಸಿ ನಾವೆಲ್ಲ ಹೋದೆವು. ಇಲ್ಲಿಯ ಇಂಡಿಯನ್ ಶಾಲೆಗಳ ಹುಡುಗಿಯರು ತುಂಬ ಬಂದಿದ್ದರು. ಸರ್ ಕೊರಳಲ್ಲಿ ಸೀಟಿ ಹಾಕಿಕೊಂಡು ಎಲ್ಲರನ್ನೂ ಓಡಿಸಿದರು, ಹಾರಿಸಿದರು, ಡೀನಾಳ ಅಂಗೈಯನ್ನು ಟೇಪು ಹಿಡಿದು ಅಳೆದರು. ನಮ್ಮ ಕಾಲದಲ್ಲಿ ಹುಡುಗಿಯನ್ನು ನೋಡಲು ಬಂದವರು ಇಷ್ಟು ದೂರ ಹೋಗುತ್ತಿರಲಿಲ್ಲ ಎಂದುಕೊಂಡೆ. ಕೊನೆಗೆ ಸರ್ ನನ್ನ ಮಗನ ಹೆಗಲ ಮೇಲೆ ಕೈ ಹಾಕಿ, "ಗಲ್ಫ್‌ನಿಂದ ನಮಗಿರೋದು ಒಂದೇ ಸೀಟು. ನನ್ನ ಲಿಸ್ಟಲ್ಲಿ ಫಸ್ಟ್ ಇರೋದು ನಿಮ್ಮ ಮಗಳೇ. ಒಂದು ಸಲ ಮನೆಗೆ ಬಂದು ಫ್ಯಾಮಿಲಿ ಜೊತೆ ಮಾತಾಡ್ಬೇಕು, ಬರೀ ಫಾರ್ಮಾಲಿಟಿ" ಎಂದರು.

3. ಇದು ಮದುವೆಯ ಸಂಬಂಧವಲ್ಲ, ಕಾಲೇಜಿನ ಸೀಟು ಎಂಬುದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಮನೆಯವರಿಗೂ ಗೊತ್ತಿತ್ತು. ಆದಾಗ್ಯೂ ಸೋಫಾಕ್ಕೆ ಹೊಸ ಕವರು ಬಂತು. ಕ್ರಿಸ್ಮಸ್ಸಿನ ಕುಸ್ವಾರ್ ತಿಂಡಿಗಳು ಮುಗಿದುಹೋಗಿದ್ದ ಕಾರಣ ರೆನಿಟಾ ರಜೆ ಹಾಕಿ ಮತ್ತೊಮ್ಮೆ ನೆವ್ರಿ ಕರಿದಳು. ಡೀನಾ ಜೆರ್ಸಿಯಲ್ಲೇ ಬರುತ್ತೇನೆಂದಾಗ, "ಜೆರ್ಸಿಯಲ್ಲಿ ಟ್ರೇ ಹಿಡ್ಕೊಂಡು ಬರುದಾ? ಹೋಗು, ಚೂಡಿದಾರ್ ಹಾಕು" ಎಂದು ಅವಳ ತಾಯಿಯೇ ಕಳಿಸಿದಳು. ಆದ್ದರಿಂದ ಮುಂದೆ ನಡೆದದ್ದಕ್ಕೆ ವಾತಾವರಣವೂ ಸ್ವಲ್ಪ ಕಾರಣ. ಪರರ ಮುಂದೆ ಮನೆಯ ಹುಡುಗಿಯ ಬಗ್ಗೆ ಮಾತನಾಡುವ ಕ್ರಮ ನನಗೆ ಒಂದೇ ಒಂದು ಗೊತ್ತಿರುವುದು.

4. ಆ ಕ್ರಮವನ್ನು ತಮಗೆ ವಿವರಿಸುವುದು ಅಗತ್ಯ. ನಮ್ಮ ಕಡೆ ಹಿರಿಯರು ತಮ್ಮ ಹುಡುಗಿಯನ್ನು ತಾವೇ ಹೊಗಳುವುದಿಲ್ಲ. ಹೊಗಳಿದರೆ ಏನೋ ಐಬು ಇರಬೇಕೆಂದು ಕೇಳುವವರಿಗೆ ಸಂಶಯ ಬರುತ್ತದೆ. ನಾನು ಇವ್ಲಿನ್‌ಳನ್ನು, ಎಂದರೆ ನನ್ನ ದಿವಂಗತ ಹೆಂಡತಿಯನ್ನು, ನೋಡಲು ಹೋದಾಗ ಅವಳ ತಂದೆ ಜಗಲಿಯಲ್ಲಿ ಕೂತು, "ಇವಳಿಗೆ ಗಂಜಿ ಬೇಯಿಸ್ಲಿಕ್ಕೂ ಬರುದಿಲ್ಲ, ನೀವೇ ಕಲಿಸ್ಕೊಳ್ಬೇಕು, ಇದಕ್ಕಿಂತ ಒಳ್ಳೆ ಹುಡುಗಿ ನಿಮಗೆ ಎಷ್ಟೂ ಸಿಕ್ಕಿಯಾರು" ಎಂದು ನಮ್ಮೆಲ್ಲರ ಎದುರು ಹೇಳಿದ್ದರು. ಅಷ್ಟು ಕೇಳಿದ್ದೇ, ನನ್ನ ಜೊತೆ ಬಂದಿದ್ದ ಸೋದರಮಾವ ನನ್ನ ತೊಡೆಗೆ ತಿವಿದು, "ಒಳ್ಳೆ ಮನೆತನ" ಎಂದು ಪಿಸುಗುಟ್ಟಿ, "ಛೆ ಛೆ, ಹಾಗೆ ಹೇಳ್ಬೇಡಿ, ಇಂಥ ಹುಡುಗಿ ಎಲ್ಲಿ ಸಿಗ್ಬೇಕು" ಎಂದು ಉತ್ತರಿಸಿದರು. ಅಲ್ಲಿಗೆ ನಿಶ್ಚಯವಾಯಿತು. ಕ್ಯಾಂಪು ತುಂಬ ಜನರಿಗೆ ಅಡುಗೆ ಮಾಡಿದ ನನಗೆ ಇವ್ಲಿನ್‌ಳ ಮೀನು ಸಾರು ಕೊನೆಯವರೆಗೂ ಕೈಗೆ ಬರಲಿಲ್ಲ.

5. ಶೆಲ್ಡನ್ ಸರ್ ಅವರ ಮನೆಮಾತೂ ಕೊಂಕಣಿಯೇ. ಆದರೆ ಬೆಂಗಳೂರಿನಲ್ಲೇ ಬೆಳೆದ ಕಾರಣ ಅದು ಅವರ ತಾಯಿಯ ಹತ್ತಿರವೇ ಉಳಿದಿದೆಯಂತೆ. ಮಗ ಕೆಳಗೆ ಅವರ ಟ್ಯಾಕ್ಸಿಯವನಿಗೆ ಜಾಗ ತೋರಿಸಲು ಹೋಗಿದ್ದ. ರೆನಿಟಾ ಅಡುಗೆಮನೆಯಲ್ಲಿದ್ದಳು. ಹೀಗಾಗಿ ಕುಟುಂಬದ ಅಭಿಪ್ರಾಯ ನನ್ನೊಬ್ಬನ ಕೈಗೆ ಬಂತು.

"ಅಂಕಲ್, ನೀವು ಹೇಳಿ. ಡೀನಾ ಹೇಗೆ?" ಎಂದು ಪೆನ್ನು ತೆಗೆದರು.

"ಹೇಗೆ ಅಂತ ಹೇಳುದು ಮಾರಾಯ್ರೆ. ಸಾಧಾರಣ," ಎಂದೆ.

"ಅವಳ ಗೇಮ್ ಬಗ್ಗೆ?"

"ಎಂತ ಗೇಮ್? ಉಳಿದವರೆಲ್ಲ ಓಡ್ತಾರೆ, ಇವಳು ಒಂದು ಕಡೆ ನಿಲ್ತಾಳೆ, ಅಷ್ಟೇ."

ಅವರು ಬರೆದುಕೊಂಡರು. "ಬೆಳಿಗ್ಗೆ ಪ್ರಾಕ್ಟೀಸ್‌ಗೆ ಕರೆಕ್ಟಾಗಿ ಏಳ್ತಾಳಾ?"

"ಏಳ್ತಾಳೆ ಅಂತ ಈಗ ನಾವು ಹೇಳಿದ್ರೆ ನಾಳೆ ನಿಮಗೇ ಕಷ್ಟ."

"ಇಂಜುರಿ ಏನಾದ್ರೂ ಆಗಿತ್ತಾ?"

"ಮೊಣಗಂಟು ನೋವು ಅಂತ ಒಮ್ಮೆ ಹೇಳಿದ್ದುಂಟು. ನಮ್ಮ ಮನೆಯವರ ಕಾಲೇ ಹಾಗೆ. ಎಂತದೂ ಗೊತ್ತಿಲ್ಲದ ಹುಡುಗಿ, ನೀವೇ ಸುಧಾರಿಸ್ಕೊಳ್ಬೇಕು. ಇವಳಿಗಿಂತ ಒಳ್ಳೆಯವರು ನಿಮಗೆ ಬೇಕಾದಷ್ಟು ಸಿಗ್ತಾರೆ."

ಇಷ್ಟು ಹೇಳಿ ನಾನು ಕಾದೆ. ಈ ಜಾಗದಲ್ಲಿ ಎದುರಿನವರು "ಛೆ ಛೆ" ಎನ್ನಬೇಕು. ಶೆಲ್ಡನ್ ಸರ್ ನನ್ನ ಕೈ ಕುಲುಕಿ, "ಥ್ಯಾಂಕ್ಯೂ ಅಂಕಲ್, ಇಷ್ಟು ಹಾನೆಸ್ಟ್ ಆಗಿ ಯಾರೂ ಹೇಳಲ್ಲ" ಎಂದರು. ನನಗೆ ಸಂತೋಷವಾಯಿತು. ನಂತರ ಹುಡುಗಿಯ ಕಡೆಯವರು ಕೇಳುವ ಕ್ರಮದಂತೆ, ನಿಮ್ಮ ಹಾಸ್ಟೆಲಿನಲ್ಲಿ ನೀರಿಗೆ ಹೇಗೆ, ಅಡುಗೆ ಯಾರದು, ಹತ್ತಿರ ಇಗರ್ಜಿ ಉಂಟಾ, ದೊಡ್ಡ ಕೋಚ್‌ಗೆ ಕುಡಿಯುವ ಅಭ್ಯಾಸ ಉಂಟಾ ಎಂದು ವಿಚಾರಿಸಿದೆ. ಅದನ್ನೂ ಬರೆದುಕೊಂಡರು. ಟ್ರೇ ಹಿಡಿದು ಬಂದ ಡೀನಾ ಬಾಗಿಲಲ್ಲೇ ನಿಂತಿದ್ದಳು ಎಂಬುದನ್ನು ನಾನು ಗಮನಿಸಲಿಲ್ಲ.

6. ತಮ್ಮ ಈಮೇಲ್ ಬಂದಾಗ ರೆನಿಟಾ ಅದನ್ನು ಕನ್ನಡ ಮಾಡುತ್ತ ಓದಿದಳು. ಆಟ ತೃಪ್ತಿಕರ, ಆದರೆ ಮನೆಯ ಹಿರಿಯರ ಪ್ರಕಾರವೇ ಶಿಸ್ತು ಕಡಿಮೆ, ಕಾಲಿನ ತೊಂದರೆ ವಂಶದಲ್ಲೇ ಇದೆ, ಕಾಲೇಜಿನ ಬಗ್ಗೆ ಕುಟುಂಬಕ್ಕೆ ಸಂಶಯಗಳಿವೆ. ಆದ ಕಾರಣ ಕಾಯುವ ಪಟ್ಟಿ.

ಓದುತ್ತ ಓದುತ್ತ ಅವಳ ಧ್ವನಿ ಇಳಿಯಿತು. "ಪಪ್ಪಾ, ಇದೆಲ್ಲ ನೀವು ಹೇಳಿದ್ದಾ?"

"ಹೇಳುವ ಹಾಗೆ ಹೇಳಿದ್ದು," ಎಂದೆ.

"ಹೇಳುವ ಹಾಗೆ ಅಂದ್ರೆ ಎಂತ? ಅವರಿಗೆ ಹೇಗೆ ಗೊತ್ತಾಗ್ಬೇಕು?"

ಪಟ್ಟಿಯಲ್ಲಿ ಈಗ ಮೊದಲಿರುವುದು ಡೀನಾಳದೇ ಶಾಲಾ ತಂಡದ ಖುಷಿ ಎಂಬ ಹುಡುಗಿ. ನಮ್ಮ ಕಟ್ಟಡದಲ್ಲೇ ಇರುವ ಅವಳ ತಂದೆ ಚಲುವರಾಜು ಅವರು ಮೈಸೂರಿನವರು, ಸಭ್ಯರು. ಕೋಚ್ ತಮ್ಮ ಮನೆಗೆ ಬಂದಾಗ ನಡೆದದ್ದನ್ನು ಅವರೇ ನನಗೆ ಲಿಫ್ಟಿನಲ್ಲಿ ಹೇಳಿದರು: "ನಮ್ ಹುಡ್ಗೀನ ನಾವೇ ಹೊಗಳ್ಕೋಬಾರ್ದು ಸರ್ ಅಂತ ಶುರು ಮಾಡ್ದೆ ನೋಡಿ, ಆಮೇಲೆ ಟಿವಿಗೆ ಲ್ಯಾಪ್‌ಟಾಪ್ ಹಾಕಿ ಅವಳು ಎಲ್‌ಕೆಜಿಯಿಂದ ಆಡಿರೋದೆಲ್ಲಾ ತೋರಿಸ್ದೆ. ಮ್ಯೂಸಿಕ್ ಬೇರೆ ಹಾಕಿದ್ದೆ!" ಅವರು ಹೇಳಿದ ಕ್ರಮವೂ ಒಂದು ಕ್ರಮವೇ. ಅವರ ಮಾತನ್ನು ಹೊಡೆದುಹಾಕಿ ಎಂದು ನಾನು ಕೇಳುತ್ತಿಲ್ಲ. ಖುಷಿ ಚೆನ್ನಾಗಿ ಓಡುತ್ತಾಳೆ. ಬೇರೆಯವರ ಮಕ್ಕಳನ್ನು ಹೊಗಳಲು ನನಗೆ ಯಾವ ತೊಂದರೆಯೂ ಇಲ್ಲ.

ತೊಂದರೆಯಾದದ್ದು ಮನೆಯಲ್ಲಿ. ಡೀನಾ ಅಳಲಿಲ್ಲ, ಬಾಗಿಲು ಬಡಿಯಲಿಲ್ಲ. ಗ್ಲೌಸು ಒಗೆದು ಬಾಲ್ಕನಿಯಲ್ಲಿ ಹಾಕುತ್ತ, ನನ್ನ ಕಡೆ ತಿರುಗದೆ ಕೇಳಿದಳು: "ಆಬಾ, ಯು ರಿಯಲಿ ಥಿಂಕ್ ಸೋ? ನಾನು ಅಷ್ಟೇನಾ?"

ನಾನು, "ಗಾಳಿ ಉಂಟು, ಕ್ಲಿಪ್ ಹಾಕು" ಎಂದೆ.

ಆ ದಿನದಿಂದ ಅವಳು ನನ್ನೊಡನೆ ಬಹಳ ಮರ್ಯಾದೆಯಿಂದ ನಡೆದುಕೊಳ್ಳುತ್ತಿದ್ದಾಳೆ. ಮೊದಲು ನನ್ನ ತಟ್ಟೆಯಿಂದ ಕೇಳದೆ ಮೀನು ಎತ್ತಿಕೊಳ್ಳುತ್ತಿದ್ದವಳು ಈಗ ತನಗೆ ಸಾಕು ಎನ್ನುತ್ತಾಳೆ. ಮೊಣಗಂಟಿಗೆ ಪಟ್ಟಿ ಕಟ್ಟಿಕೊಂಡು ಶಾಲೆಗೆ ಹೋಗುತ್ತಾಳೆ. ನೋವು ಉಂಟಾ ಎಂದರೆ, "ಇಲ್ಲ, ಬಟ್ ಯು ಸೆಡ್ ಬರ್ತದೆ ಅಂತ" ಎನ್ನುತ್ತಾಳೆ.

ರೂವಿಯಲ್ಲಿ ಚಹಾದ ಅಂಗಡಿ ಇಟ್ಟಿರುವ ಬಶೀರ್ ನನ್ನ ಹಳೇ ಕ್ಯಾಂಪಿನ ಗೆಳೆಯ. ಅವನಿಗೆ ಇದನ್ನು ಹೇಳಿದಾಗ ಗ್ಲಾಸು ಕೆಳಗಿಟ್ಟು ನಕ್ಕ.

"ಎಂತ ಎಡ್ವರ್ಡಣ್ಣ, ಕೋಚ್ ಎಂತ ಹುಡುಗನ ಕಡೆಯವನಾ? ಪುಣ್ಯಕ್ಕೆ ಮನೆಯಲ್ಲಿ ಬಂಗಾರ ಎಷ್ಟುಂಟು ಅಂತ ಹೇಳ್ಲಿಲ್ಲವಲ್ಲ!"

"ಅವರೂ ನಮ್ಮವರೇ. ಗೊತ್ತಾಗ್ತದೆ ಅಂತ ಮಾಡಿದೆ."

"ನಿಮ್ಮವರು ಹೌದು. ಆದ್ರೆ ನಿಮ್ಮ ಕಾಲದವರಲ್ಲ. ಅದು ಬಿಡಿ, ಮಗುಗೆ ಹೇಳಿದ್ರಾ, ನೀನು ಚಂದ ಆಡ್ತಿ ಅಂತ?"

"ಅದು ಹೇಗೆ ಹೇಳುದು, ಮುಖದ ಎದುರು?"

ಬಶೀರ್ ನಗುವುದನ್ನು ನಿಲ್ಲಿಸಿದ. "ಖಲಾಸ್. ಹಾಗಾದ್ರೆ ಅರ್ಜಿ ಹಾಕಿ. ನಿಮಗೆ ಬರುದು ಅದೊಂದೇ," ಎಂದ.

7. ಈ ಅಂಶವನ್ನು ಬರೆಯಲು ನಾನು ಬಹಳ ಹಾಳೆ ಕೆಡಿಸಿದ್ದೇನೆ. ಮೊದಲು ಬರೆದದ್ದು "ಹುಡುಗಿ ಪರವಾಗಿಲ್ಲ" ಎಂದು. ಅದು ಸಾಲದೆಂದು ರೆನಿಟಾ ಹೇಳಿದಳು. ಆಮೇಲೆ ಬರೆದದ್ದರಲ್ಲಿ ಮತ್ತೆ ಮೊಣಗಂಟು ಬಂತು. ಆದ್ದರಿಂದ ಹೊಗಳಿಕೆ ಎಂದು ಭಾವಿಸದೆ, ಮೆಸ್ಸಿನಲ್ಲಿ ಸಾಮಾನು ಬಂದಾಗ ಇದೆ, ಇಲ್ಲ ಎಂದು ಹೇಳುತ್ತಿದ್ದಂತೆ, ಇದ್ದದ್ದನ್ನು ಇದೆ ಎಂದು ಬರೆಯುತ್ತೇನೆ.

ಫುಟ್‌ಬಾಲ್ ನನಗೆ ತಿಳಿಯದು. ಯಾವುದು ಆಫ್‌ಸೈಡ್ ಎಂದು ಇವತ್ತಿಗೂ ಗೊತ್ತಿಲ್ಲ. ಆದರೆ ಅಲ್ ಅಮೇರಾತ್‌ನಲ್ಲಿ ನಾನು ನೋಡಿದೆ. ಅವಳ ಮುಂದೆ ಕಾಯಬೇಕಿದ್ದ ಒಬ್ಬಳು ಹುಡುಗಿ ಚೆಂಡನ್ನು ಬಿಟ್ಟುಬಿಟ್ಟಳು, ಗೋಲು ಆಯಿತು. ತಪ್ಪು ಆ ಹುಡುಗಿಯದೆಂದು ನನ್ನಂಥವನಿಗೂ ಕಂಡಿತು. ಕೋಚ್ ನೋಡುತ್ತಿದ್ದಾರೆ, ಸೀಟು ಒಂದೇ. ಡೀನಾ ಆ ಹುಡುಗಿಯತ್ತ ಕೈ ತೋರಿಸಲಿಲ್ಲ. ತಾನೇ ಹೋಗಿ ಬಲೆಯಿಂದ ಚೆಂಡು ಬಿಡಿಸಿ ತಂದು, ಹಾದುಹೋಗುವಾಗ ಆ ಹುಡುಗಿಯ ತಲೆಗೆ ಮೆಲ್ಲಗೆ ಒಂದು ತಟ್ಟಿ, "ಯಲ್ಲಾ, ನಡಿ, ಮುಂದಿನದು ನೋಡುವ" ಎಂದಳು. ಆಮೇಲೆ ಆ ಹುಡುಗಿ ಒಂದೂ ಬಿಡಲಿಲ್ಲ. ಮೆಸ್ಸಿನಲ್ಲಿ ಅನ್ನ ತಳ ಹಿಡಿದ ದಿನ, ಪಾತ್ರೆ ನೋಡುವ ಮೊದಲೇ ಬೇರೆಯವರ ಹೆಸರು ಹೇಳುವವರ ಜೊತೆಯಲ್ಲೇ ನಾನು ಆಯುಷ್ಯ ಕಳೆದಿದ್ದೇನೆ. ಹೀಗೆ ಮಾಡುವವರನ್ನು ಹೆಚ್ಚು ಕಂಡಿಲ್ಲ.

ಬೆಳಿಗ್ಗೆ ಏಳುತ್ತಾಳೆ. ನನ್ನನ್ನು ಎಬ್ಬಿಸದಂತೆ ಚಪ್ಪಲಿ ಕೈಯಲ್ಲಿ ಹಿಡಿದು ಹೋಗುತ್ತಾಳೆ. ನಾನು ಎಚ್ಚರವಾಗಿಯೇ ಇರುತ್ತೇನೆ. ಒಂದು ಕಡೆ ನಿಲ್ಲುತ್ತಾಳೆ ಎಂದು ನಾನು ಹೇಳಿದ್ದು ಸುಳ್ಳಲ್ಲ, ಎಲ್ಲರೂ ಓಡಿಹೋದಾಗಲೂ ನಿಲ್ಲುತ್ತಾಳೆ.

ಡೀನಾ ಒಳ್ಳೆಯ ಆಟಗಾರ್ತಿ. ಅವಳಿಗಿಂತ ಒಳ್ಳೆಯವರು ತಮಗೆ ಸಿಗಬಹುದು ಎಂದದ್ದು ಕ್ರಮಕ್ಕೆ. ಸಿಗುವುದಿಲ್ಲ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳನ್ನು ಪರಿಗಣಿಸಿ, ಜನವರಿಯಲ್ಲಿ ನಾನು ಆಡಿದ ಮಾತನ್ನು ಸದರಿ ಕಾಲಂನಿಂದ ತೆಗೆದು, ಆ ಜಾಗವನ್ನು ಖಾಲಿ ಬಿಟ್ಟು, ಅವಳು ಮೈದಾನದಲ್ಲಿ ಮಾಡಿದ್ದನ್ನು ಮಾತ್ರ ನೋಡಿ ಮತ್ತೊಮ್ಮೆ ತೀರ್ಮಾನಿಸಬೇಕಾಗಿ ಕೇಳಿಕೊಳ್ಳುತ್ತೇನೆ. ಆಗಲೂ ಸೀಟು ಖುಷಿಗೇ ಹೋದರೆ ನನ್ನ ತಕರಾರಿಲ್ಲ. ಡೀನಾ ಸೋಲುವುದಾದರೆ ಚೆಂಡಿನಿಂದ ಸೋಲಲಿ, ಅಜ್ಜನಿಂದ ಬೇಡ.

ತಮ್ಮ ವಿಶ್ವಾಸಕ್ಕೆ ಇನ್ನು ಮೇಲೆ ಪಾತ್ರನಾಗಬೇಕಿರುವ,
ಎಡ್ವರ್ಡ್ ಕುಟಿನ್ಹಾ (ಸಹಿ)
ದಾರ್ಸೈಟ್

ಲಗತ್ತುಗಳು:
ಅ. ಡೀನಾಳ ಮೊಣಗಂಟಿನ ಎಕ್ಸ್‌ರೇ ಪ್ರತಿ. ಏನೂ ತೊಂದರೆ ಇಲ್ಲವೆಂದು ವೈದ್ಯರು ಬರೆದಿದ್ದಾರೆ.
ಆ. ನನ್ನ ಮೊಣಗಂಟಿನ ಎಕ್ಸ್‌ರೇ ಪ್ರತಿ. ತೊಂದರೆ ಇರುವುದು ಇದರಲ್ಲಿ.
ಇ. ನೆವ್ರಿ, ಒಂದು ಡಬ್ಬಿ, ಶೆಲ್ಡನ್ ಸರ್ ಅವರ ತಾಯಿಗೆ. ಇದು ಶಿಫಾರಸು ಅಲ್ಲ. ನನ್ನ ಮಾತಿನ ಅರ್ಥವನ್ನು ಅವರು ಮಗನಿಗೆ ತಿಳಿಸಿಕೊಟ್ಟರೆ ಉಪಕಾರ.

ವಿಶೇಷ ಸೂಚನೆ: ಡೀನಾಳಿಗೆ ಕನ್ನಡ ಓದಲು ಬರುವುದಿಲ್ಲ. ಸೀಟು ಕೊಟ್ಟರೂ ಸರಿ, ಕೊಡದಿದ್ದರೂ ಸರಿ, ಏಳನೇ ಅಂಶವನ್ನು ತಮ್ಮ ಕಚೇರಿಯಲ್ಲಿ ಯಾರಿಂದಲಾದರೂ ಇಂಗ್ಲಿಷಿಗೆ ಮಾಡಿಸಿ, ಇದು ಅವಳ ಆಬಾ ಹೇಳಿದ್ದೆಂದು ಮೇಲೆ ಬರೆದು, ಕಾಲೇಜಿನ ಮೊಹರು ಹಾಕಿ ಅವಳಿಗೆ ಕಳುಹಿಸಿಕೊಡಬೇಕು. ಕಳುಹಿಸುವ ದಿನವನ್ನು ನನಗೆ ಮುಂಚಿತವಾಗಿ ತಿಳಿಸಿದಲ್ಲಿ, ಆ ದಿನ ನಾನು ಮನೆಯಲ್ಲಿ ಇಲ್ಲದಂತೆ ವ್ಯವಸ್ಥೆ ಮಾಡಿಕೊಳ್ಳುತ್ತೇನೆ.