ಗೊರಕೆಗೆ ಲಗಾಮು

ತಾನು ಮಾಡಿದ ತಪ್ಪನ್ನು ತಾನೇ ಒಮ್ಮೆಯೂ ಕೇಳಿರದ ಅಪರಾಧಿ ಈ ಲೋಕದಲ್ಲಿ ಯಾರಾದರೂ ಇದ್ದರೆ ಅವನು ಗೊರಕೆ ಹೊಡೆಯುವವನು. ಕಳ್ಳನಿಗೆ ಕದ್ದದ್ದು ಗೊತ್ತಿರುತ್ತದೆ, ಕುಡುಕನಿಗೆ ಬೆಳಗಾದ ಮೇಲಾದರೂ ಗೊತ್ತಾಗುತ್ತದೆ. ಗೊರಕೆಯವನು ಮಾತ್ರ ಮುಖ ತೊಳೆದು ಬಂದು, ಕಣ್ಣು ಕೆಂಪಾಗಿಸಿಕೊಂಡು ಕೂತ ಮನೆಮಂದಿಯನ್ನು ನೋಡಿ, "ಯಾಕ, ಯಾರಿಗೂ ನಿದ್ದಿ ಬಂದಿಲ್ಲೇನು?" ಎಂದು ವಿಚಾರಿಸುತ್ತಾನೆ. ನಾನು ಹಾಗೆ ಇಪ್ಪತ್ತಾರು ವರ್ಷ ವಿಚಾರಿಸಿದವನು. ನನ್ನ ಹೆಂಡತಿ ಅಮರಮ್ಮ ಒಮ್ಮೆ ಮೊಬೈಲಿನಲ್ಲಿ ಹಿಡಿದಿಟ್ಟು ಕೇಳಿಸಿದಾಗಲೂ, "ಯಾರದೋ ಟ್ರ್ಯಾಕ್ಟರ್ ಕೆಟ್ಟು ನಿಂತಂಗೈತಿ" ಎಂದು ತಳ್ಳಿಹಾಕಿದ್ದೆ. ಮಸ್ಕಿಯಿಂದ ಲಿಂಗಸುಗೂರಿನ ಆಫೀಸಿಗೆ ದಿನಾ ಬಸ್ಸಿನಲ್ಲಿ ಹೋಗುತ್ತೇನೆ. ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲೂ ನನ್ನ ಪಕ್ಕದ ಸೀಟು ಖಾಲಿ ಇರುತ್ತದೆ. ವಯಸ್ಸಿಗೆ, ನೌಕರಿಗೆ ಜನ ಕೊಡುವ ಮರ್ಯಾದೆ ಎಂದೇ ನಾನು ತಿಳಿದಿದ್ದೆ.

ಸತ್ಯ ಗೊತ್ತಾದದ್ದು ಹೋದ ವರ್ಷದ ಶ್ರಾವಣದಲ್ಲಿ. ನಮ್ಮ ಓಣಿಯ ಮಠದಲ್ಲಿ ಶ್ರಾವಣ ತಿಂಗಳಿಡೀ ಸಂಜೆ ಪ್ರವಚನ ನಡೆಯುತ್ತದೆ. ನಾನು ಸಮಿತಿಯ ಸದಸ್ಯ. ಸಮಿತಿಯವರಿಗೆ ಮುಂದಿನ ಸಾಲು, ಮುಂದಿನ ಸಾಲಿಗೊಂದು ಕಂಬ. ಆಫೀಸಿನಿಂದ ದಣಿದು ಬಂದು ಕಂಬಕ್ಕೆ ಬೆನ್ನು ಹಚ್ಚಿದವನ ಎದುರು ಯಾರಾದರೂ ವೈರಾಗ್ಯದ ವಿಷಯ ಎತ್ತಿದರೆ ಏನಾಗಬೇಕೋ ಅದೇ ಆಯಿತು. ತಬಲಾದವರ ಮುಂದಿಟ್ಟಿದ್ದ ಮೈಕು ನನ್ನ ಮೂಗಿಗೆ ಒಂದು ಮೊಳ ದೂರದಲ್ಲಿತ್ತು. ಸ್ವಾಮಿಗಳು "ಮನುಷ್ಯ ಮೊದಲು ಎಚ್ಚರಾಗಬೇಕು" ಎಂದರಂತೆ. ಅದಕ್ಕೆ ನಾನು ಕೊಟ್ಟ ಉತ್ತರ ಬೇವಿನ ಮರಕ್ಕೆ ಕಟ್ಟಿದ್ದ ಸ್ಪೀಕರಿನ ಮೂಲಕ ಬಸ್ ಸ್ಟ್ಯಾಂಡಿನವರೆಗೂ ಕೇಳಿಸಿತಂತೆ. ಹಾರ್ಮೋನಿಯಂ ಮಾಸ್ತರರು ತಮ್ಮ ಪೆಟ್ಟಿಗೆಯೇ ಕೆಟ್ಟಿತೆಂದು ಬಗ್ಗಿ ನೋಡಿಕೊಂಡರು. ಅಮರಮ್ಮ ಪ್ರಸಾದವನ್ನೂ ತೆಗೆದುಕೊಳ್ಳದೆ ಸೆರಗು ಮುಚ್ಚಿಕೊಂಡು ಮನೆಗೆ ಹೋದಳು. ಮರುದಿನ ನಳದ ಹತ್ತಿರ ಯಾರೋ, "ಇವತ್ತು ನಿಮ್ಮ ಮನೇರು ಎಷ್ಟು ಗಂಟೆಕ್ಕ ಹಾಡ್ತಾರ್ರಿ ಅಕ್ಕಾರ?" ಎಂದು ಕೇಳಿದರು. ಅಂದಿನಿಂದ ಆಕೆ ಪ್ರವಚನಕ್ಕೆ ಹೋಗುವುದನ್ನೇ ಬಿಟ್ಟಳು.

ಇದು ಸಣ್ಣ ಮಾತಲ್ಲ. ಇಪ್ಪತ್ತು ವರ್ಷದಲ್ಲಿ ಒಂದು ಸಂಜೆ ತಪ್ಪಿಸಿದವಳಲ್ಲ ಆಕೆ. ಪ್ರತಿ ಶ್ರಾವಣದ ಮೂರನೆಯ ಸೋಮವಾರ ನಮ್ಮ ಮನೆಯ ಪ್ರಸಾದ ಸೇವೆ. ಅಮರಮ್ಮನ ಗೋಧಿ ಹುಗ್ಗಿ ಉಣ್ಣಲು ಪಾಮನಕಲ್ಲೂರಿನಿಂದ ಮೋಟಾರ್ ಸೈಕಲ್ ಹತ್ತಿ ಬರುವವರಿದ್ದಾರೆ. ಆ ದಿನ ಗಂಡ ಹೆಂಡತಿ ಇಬ್ಬರನ್ನೂ ವೇದಿಕೆಗೆ ಕರೆದು ಶಾಲು ಹೊದಿಸುತ್ತಾರೆ. ಈ ವರ್ಷ ಶ್ರಾವಣ ಹತ್ತಿರ ಬರುತ್ತಿದ್ದಂತೆ ಆಕೆ, "ಹುಗ್ಗಿ ಮಾಡಿ ಕಳಸ್ತೀನ್ರಿ. ನಾ ಮಾತ್ರ ಬರಂಗಿಲ್ಲ. ಶಾಲು ನೀವೊಬ್ಬರ ಹೊದ್ಕೋರಿ" ಎಂದಳು. ಸಿಟ್ಟು ಮಾಡಿದ್ದರೆ ಜಗಳವಾಡಬಹುದಿತ್ತು. ತಣ್ಣಗೆ ಹೇಳಿದಳು. ನನಗೆ ನಿಜಕ್ಕೂ ನಾಚಿಕೆಯಾಯಿತು. ಮನೆಮದ್ದು ಶುರುಮಾಡಿದೆ. ಭಾವಮೈದುನ ಹೇಳಿದನೆಂದು ಮೂಗಿಗೆ ತುಪ್ಪ ಬಿಟ್ಟುಕೊಂಡೆ, ಇರುವೆಗಳು ಬಂದವು. ಅಂಗಾತ ಮಲಗಬಾರದೆಂದು ಬನಿಯನ್ನಿನ ಬೆನ್ನಿಗೆ ರಬ್ಬರ್ ಚೆಂಡು ಹೊಲಿಸಿಕೊಂಡೆ. ಚೆಂಡಿನ ಮೇಲೂ ಅಂಗಾತವೇ ಮಲಗಬಲ್ಲೆ ಎಂಬುದು ಅದರಿಂದ ಗೊತ್ತಾಯಿತು.

ಕೊನೆಗೆ, ಗೊರಕೆಗೆ ಹಲ್ಲಿನ ಡಾಕ್ಟರ ಹತ್ತಿರವೂ ಉಪಾಯವಿದೆಯೆಂದು ಕೇಳಿ, ಸಿಂಧನೂರಿನ ಹಲ್ಲಿನ ಡಾಕ್ಟರು ಶಬಾನಾಳ ಹತ್ತಿರ ಹೋದೆವು. ಆಕೆಯ ತಂದೆ ಕಾಸಿಮ್ ಸಾಬರು ಹತ್ತಿ ಹಿಂಜಿ ನಮ್ಮ ಮದುವೆಯ ಗಾದಿ ತುಂಬಿಕೊಟ್ಟವರು. ಅಪ್ಪ ತುಂಬಿದ ಗಾದಿಯ ಮೇಲೆ ಹುಟ್ಟಿದ ರೋಗಕ್ಕೆ ಮಗಳ ಹತ್ತಿರ ಔಷಧಿ. ಹುಡುಗಿ ನನ್ನ ಬಾಯಿ ನೋಡುವ ಮೊದಲು ಅಮರಮ್ಮನನ್ನು ಕೇಳಿದಳು: "ಅಮ್ಮಾರ, ಕಾಕಾರ ಉಸಿರು ನಡುವ ನಿಂತು ನಿಂತು ಬರ್ತೈತೇನ್ರಿ?"

"ನಿಲ್ಲತೈತವ್ವ" ಎಂದಳು ಅಮರಮ್ಮ. "ನಿಂತಾಗ ನಾ ಒಂದು, ಎರಡು ಅಂತ ಎಣಸ್ತೀನಿ. ಹತ್ತರ ಮ್ಯಾಲ ಹೋತಂದ್ರ ಮೊಳಕೈಲೆ ತಿವೀತೀನಿ."

ಆ ತಿವಿತಗಳನ್ನು ನಾನು ಇಷ್ಟು ವರ್ಷ ಸಿಟ್ಟು ಎಂದೇ ತಿಳಿದು, ಬೆಳಿಗ್ಗೆ ಎದ್ದು ಮುಖ ಗಂಟು ಹಾಕಿಕೊಂಡು ಚಹಾ ಕುಡಿದಿದ್ದೇನೆ. ಆಕೆಗೆ ನಿದ್ದೆ ಕೆಡಿಸಿದ್ದು ನನ್ನ ಸದ್ದಲ್ಲ, ಸದ್ದು ನಿಂತ ಹೊತ್ತು.

ಶಬಾನಾ ಮೊದಲು ರಾಯಚೂರಿಗೆ ಕಳಿಸಿ ನಿದ್ದೆಯ ಪರೀಕ್ಷೆ ಮಾಡಿಸಿದಳು. ಗಾಬರಿಯಾಗುವಂಥದ್ದಿಲ್ಲ, ಹಲ್ಲಿಗೆ ಸಾಧನ ಹಾಕಿದರೆ ಸಾಕು, ಹೊಟ್ಟೆ ಮಾತ್ರ ಇಳಿಸಬೇಕು ಎಂದು ಅಲ್ಲಿ ಹೇಳಿದರು. ಹೊಟ್ಟೆಯ ಮಾತೊಂದನ್ನು ಬಿಟ್ಟು ಉಳಿದದ್ದನ್ನು ನೆನಪಿಟ್ಟುಕೊಂಡೆ. ಹೋಳಿಗೆಯ ಕಣಕದಂಥ ಗುಲಾಬಿ ಹಿಟ್ಟನ್ನು ಬಾಯಿತುಂಬ ಒತ್ತಿ ಹಲ್ಲಿನ ಅಚ್ಚು ತೆಗೆದರು. ಎರಡು ವಾರಕ್ಕೆ ಸಾಧನ ಬಂತು. ಮೇಲಿನ ಹಲ್ಲಿಗೊಂದು, ಕೆಳಗಿನ ಹಲ್ಲಿಗೊಂದು ಪಾರದರ್ಶಕ ಚಿಪ್ಪು. ಎರಡೂ ಕೊಂಡಿ ಹಾಕಿಕೊಂಡು ಕೆಳದವಡೆಯನ್ನು ಮುಂದಕ್ಕೆ ಎಳೆದು ಹಿಡಿಯುತ್ತವೆ. ಶಬಾನಾ ಅದಕ್ಕೆ ಉದ್ದನೆಯ ಹೆಸರು ಹೇಳಿದಳು. ಅಮರಮ್ಮ ನೋಡಿದ ಕೂಡಲೇ "ಲಗಾಮು" ಎಂದಳು. ಅದೇ ಉಳಿಯಿತು. ಹಾಕಿಕೊಂಡರೆ ಮಾತು ಬರುವುದಿಲ್ಲ, ಜೊಲ್ಲು ಮಾತ್ರ ಬರುತ್ತದೆ. ಕನ್ನಡಿಯಲ್ಲಿ ನೋಡಿಕೊಂಡರೆ ಯಾರ ಜೊತೆಗೋ ಕುಸ್ತಿಗೆ ನಿಂತವನ ಮುಖ. ಬೆಳಿಗ್ಗೆ ತೆಗೆದ ಮೇಲೂ ದವಡೆ ಹತ್ತು ಗಂಟೆಯವರೆಗೆ ಸ್ವಸ್ಥಾನಕ್ಕೆ ಮರಳುತ್ತಿರಲಿಲ್ಲ. ನನಗೆ ಸಿಟ್ಟು ಬಂದಿದೆಯೆಂದು ತಿಳಿದು ಆಫೀಸಿನ ಸಿಪಾಯಿ ಮೊದಲ ಸಲ ಕೇಳದೆಯೇ ಫೈಲು ತಂದಿಟ್ಟ. ಏನೇ ಇರಲಿ, ಗೊರಕೆ ನಿಂತಿತು. ಒಂದು ವಾರ ಪರೀಕ್ಷಿಸಿ ಅಮರಮ್ಮ ತೀರ್ಪು ಕೊಟ್ಟಳು: "ಲಗಾಮು ಹಿಡದೈತಿ. ಬರ್ತೀನಿ ನಡೀರಿ."

ಮೂರನೆಯ ಸೋಮವಾರ ಬಂತು. ಮಠದ ಹಿಂದೆ ಕೊಪ್ಪರಿಗೆ ತುಂಬ ಹುಗ್ಗಿ, ಒಳಗೆ ಹೆಣ್ಣುಮಕ್ಕಳ ಸಾಲಿನಲ್ಲಿ ವರ್ಷದ ಮೇಲೆ ಅಮರಮ್ಮ, ಈ ಕಡೆ ಅದೇ ಕಂಬಕ್ಕೆ ನಾನು. ಕರವಸ್ತ್ರ ಅಡ್ಡ ಹಿಡಿದು ಲಗಾಮು ಹಾಕಿಕೊಂಡೆ. ಅದು ಸದ್ದು ತಡೆಯುತ್ತದೆಯೇ ಹೊರತು ನಿದ್ದೆ ತಡೆಯುವುದಿಲ್ಲ ಎಂಬುದನ್ನು ನಾವಿಬ್ಬರೂ ಯೋಚಿಸಿರಲಿಲ್ಲ. ಆಮೇಲೆ ನಡೆದದ್ದನ್ನು ನಾನು ಪಕ್ಕದಲ್ಲಿ ಕೂತಿದ್ದವರಿಂದ ಕೇಳಿ ತಿಳಿದದ್ದು. ಸ್ವಾಮಿಗಳು ಪ್ರವಚನ ನಿಲ್ಲಿಸಿ, "ಈ ಶರಣರನ್ನ ನೋಡ್ರಿ. ಒಂದು ತಾಸಾತು, ಕಣ್ಣು ತೆರೆದಿಲ್ಲ, ಮೈ ಅಲುಗಿಲ್ಲ. ಧ್ಯಾನ ಅಂದ್ರ ಹಿಂಗಿರಬೇಕು" ಎಂದು ನನ್ನ ಕಡೆ ಕೈ ತೋರಿಸಿದರಂತೆ. ಸಭೆಯೆಲ್ಲ ತಿರುಗಿ ನೋಡಿತು. ಅಮರಮ್ಮನೂ ನೋಡಿದಳು. ಮನೆಯಲ್ಲಾದರೆ ಮೂಗಿನ ಮುಂದೆ ಬೆರಳಿಟ್ಟು ಉಸಿರು ನೋಡಬಹುದು. ಅಷ್ಟು ದೂರದಿಂದ ಆಕೆಗೆ ಕಂಡದ್ದು ಮುಂದಕ್ಕೆ ಚಾಚಿದ ದವಡೆ, ಸದ್ದಿಲ್ಲದ ಮೈ. ಎಣಿಸತೊಡಗಿದಳು. ಹತ್ತಾಯಿತು, ಇಪ್ಪತ್ತಾಯಿತು. ನಲವತ್ತಕ್ಕೆ ಎದ್ದವಳೇ ಗಂಡಸರ ಸಾಲು ಹಾರಿ ಬಂದು ಎರಡೂ ಭುಜ ಹಿಡಿದು ಅಲ್ಲಾಡಿಸಿದಳು.

"ರೀ! ಏಳ್ರೀ! ಉಸಿರಾಡ್ರೀ! ನನ್ನ ಬಿಟ್ಟು ಹೋಗಬ್ಯಾಡ್ರೀ!"

ತಬಲಾದ ಮೈಕು ಈ ವರ್ಷವೂ ಅಲ್ಲೇ ಇತ್ತು. ಬಸ್ ಸ್ಟ್ಯಾಂಡಿಗೆ ಇದೂ ಕೇಳಿಸಿತು. ನಾನು ಬೆಚ್ಚಿ ಎದ್ದ ರಭಸಕ್ಕೆ ಒಂದು ತಿಂಗಳಿಂದ ಒಳಗೆ ಕೂಡಿಟ್ಟಿದ್ದ ಗೊರಕೆಯೆಲ್ಲ ಒಟ್ಟಿಗೆ ಹೊರಬಂತು. ಅದರ ಹೊಡೆತಕ್ಕೆ ಲಗಾಮು ಹಾರಿ ಹೋಗಿ ಸ್ವಾಮಿಗಳ ಎದುರಿನ ಬಿಲ್ವಪತ್ರೆಯ ತಟ್ಟೆಯಲ್ಲಿ ಬಿತ್ತು. ಸ್ವಾಮಿಗಳು ಬಗ್ಗಿ ನೋಡಿ, "ಇದೇನವ್ವ?" ಎಂದರು.

"ನಮ್ಮ ಮನೇರ ಲಗಾಮ್ರಿ, ಅಪ್ಪಾವ್ರ" ಎಂದು ಅಮರಮ್ಮ ಅಲ್ಲೇ ಕೂತು ಅತ್ತಳು, ಅಳುತ್ತಲೇ ಎಲ್ಲ ಹೇಳಿದಳು, ಎಣಿಸುವುದನ್ನೂ ಸೇರಿಸಿ. ಸಭೆ ನಕ್ಕಿತು. ಸ್ವಾಮಿಗಳು ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ಆಮೇಲೆ, "ದಿನಾ ಎಚ್ಚರಿದ್ದು ಒಬ್ಬರ ಉಸಿರು ಕಾಯೋದು ಏನು ಸಣ್ಣ ತಪಸ್ಸು? ಶಾಲು ಮೊದಲ ಈಕಿಗಿ ಹೊದಸ್ರಿ" ಎಂದರು. ಆ ಸಂಜೆ ಅಮರಮ್ಮ ಸೆರಗು ಮುಚ್ಚಿಕೊಳ್ಳಲಿಲ್ಲ. ಕಡೆಯ ಪಂಕ್ತಿಯವರೆಗೂ ಹುಗ್ಗಿ ತಾನೇ ಬಡಿಸಿದಳು. ನನ್ನ ಎಲೆಗೆ ಮಾತ್ರ ಒಂದೇ ಸೌಟು, ಹೊಟ್ಟೆ ಇಳಿಸಬೇಕೆಂದು ರಾಯಚೂರಿನವರು ಹೇಳಿದ್ದು ಆಕೆಗೆ ನೆನಪಿತ್ತು.

ಮರುದಿನ ಹೊಸ ಬೇಡಿಕೆ ಬಂತು. "ಡಾಕ್ಟರಿಗೆ ಹೇಳಿ ಅದನ್ನ ಒಂದೀಟು ಸಡ್ಲ ಮಾಡಿಸ್ಕೊಂಡು ಬರ್ರಿ. ಭಾಳ ಬ್ಯಾಡ, ಅದೀರಿ ಅಂತ ಗೊತ್ತಾಗುವಷ್ಟು ಗೊರಕಿ ಇರ್ಲಿ." ನಾನು ಮರ್ಯಾದೆ ಬಿಟ್ಟು ಸಿಂಧನೂರಿಗೆ ಹೋಗಿ ಅದನ್ನೂ ಕೇಳಿದೆ. ಶಬಾನಾ, "ಬೇಕಾದಷ್ಟು ಬಿಡಾಕ ಅದೇನು ನಳ ಏನ್ರಿ ಕಾಕಾ? ಅಮ್ಮಾರಿಗೆ ನಿಮ್ಮ ಎದಿ ಮ್ಯಾಲ ಕೈ ಇಟ್ಕೊಂಡು ಮಲಗಾಕ ಹೇಳ್ರಿ" ಎಂದಳು. ಅಮರಮ್ಮ ಹಾಗೇ ಮಾಡುತ್ತಿದ್ದಾಳೆ. ಇಪ್ಪತ್ತಾರು ವರ್ಷದ ಬಾಕಿ ನಿದ್ದೆಯನ್ನೆಲ್ಲ ಮಾಡುತ್ತಿದ್ದಾಳೆ. ನಾನು ಹೊರಳಿದರೆ ಕೈ ಜಾರುತ್ತದೆ, ಕೈ ಜಾರಿದರೆ ಆಕೆಗೆ ಎಚ್ಚರವಾಗುತ್ತದೆ. ಆದ್ದರಿಂದ ಬಾಯಿಗೆ ಲಗಾಮು ಹಾಕಿಕೊಂಡು, ಮೈ ಅಲುಗಿಸದೆ, ಕಣ್ಣು ಮುಚ್ಚಿ, ನಿದ್ದೆಯಿಲ್ಲದೆ ಬಿದ್ದಿರುತ್ತೇನೆ. ಸ್ವಾಮಿಗಳು ಬಂದು ನೋಡಬೇಕಾದದ್ದು ಈಗ.